ಒಂದು ಎಕರೆ ಮೂವತ್ತು ಗುಂಟೆ

(ಮಹಿಳಾ ಕಾಲೇಜೊಂದರ ಕ್ರೀಡಾ ದಿನಾಚರಣೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ವಿದ್ಯಾರ್ಥಿನಿಯರೇ, ಅಧ್ಯಾಪಕ ಮಿತ್ರರೇ,

ಮೊದಲು ಒಂದು ಲೆಕ್ಕ ಹೇಳುತ್ತೇನೆ. ಟೆನಿಕಾಯ್ಟ್, ಅಂದರೆ ನಾವು ರಿಂಗ್ ಆಟ ಎನ್ನುತ್ತೇವಲ್ಲ, ಅದರ ಅಂಕಣದ ಉದ್ದ 12.2 ಮೀಟರ್, ಅಗಲ 5.5 ಮೀಟರ್. ಮುಕ್ಕಾಲು ಗುಂಟೆಯೂ ಆಗುವುದಿಲ್ಲ. ಹೆಣ್ಣುಮಕ್ಕಳ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಒಂದು ಗುಂಟೆಗೆ ಸ್ವಲ್ಪ ಕಡಿಮೆ. ಥ್ರೋಬಾಲ್‌ಗೆ 18.3 ಮೀಟರ್ ಮತ್ತು 12.2 ಮೀಟರ್, ಎರಡು ಗುಂಟೆ ಚಿಲ್ಲರೆ. ಇನ್ನು ಫುಟ್‌ಬಾಲ್. 105 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನವೆಂದರೆ ಎಪ್ಪತ್ತು ಗುಂಟೆ. ಗೆರೆಯ ಆಚೆ ಓಡಾಡುವ ಜಾಗವನ್ನು ಲೆಕ್ಕಕ್ಕೆ ಹಿಡಿಯದೆಯೇ 1 ಎಕರೆ 30 ಗುಂಟೆ.

ನಾನು ಮೂವತ್ತೊಂದು ವರ್ಷ ದೈಹಿಕ ಶಿಕ್ಷಣ ಕಲಿಸಿದವಳು. ಈ ಅಳತೆಗಳೆಲ್ಲ ನನಗೆ ಬಾಯಿಪಾಠ. ಸುಣ್ಣದ ಪುಡಿ ಹಿಡಿದು ಈ ಗೆರೆಗಳನ್ನು ಎಷ್ಟು ಸಲ ಎಳೆಸಿದ್ದೇನೆಂದು ಲೆಕ್ಕವಿಲ್ಲ. ಆದರೆ ಅವನ್ನು ಒಂದರ ಪಕ್ಕ ಒಂದು ಇಟ್ಟು ನೋಡಬೇಕೆಂದು ನನಗೆ ಹೊಳೆದದ್ದು ನಿವೃತ್ತಿಯಾದ ಮೇಲೆ, ಅಮೆರಿಕದ ಒಂದು ವಿಶ್ವವಿದ್ಯಾಲಯದ ಸಾಕರ್ (ನಾವು ಫುಟ್‌ಬಾಲ್ ಎನ್ನುವ ಆಟಕ್ಕೆ ಅಲ್ಲಿನ ಹೆಸರು) ಮೈದಾನದ ಮೆಟ್ಟಿಲ ಮೇಲೆ ಕುಳಿತಾಗ. ನಾವು ಹೆಣ್ಣುಮಕ್ಕಳಿಗೆಂದು ಆರಿಸಿಕೊಟ್ಟ ಆಟಗಳೆಲ್ಲ ಹಿತ್ತಿಲಲ್ಲಿ ಹಿಡಿಯುವ ಆಟಗಳು. ಕೊಡಗಿನ ಹಾಕಿಯಂಥ ಒಂದೆರಡನ್ನು ಬಿಟ್ಟರೆ, ದೊಡ್ಡ ಜಾಗ ಬೇಡುವ ಆಟವನ್ನು ನಾವಾಗಿ ಅವರ ಕೈಗೆ ಕೊಟ್ಟದ್ದು ಬಹಳ ಕಡಿಮೆ. ಥ್ರೋಬಾಲ್ ಸಣ್ಣ ಆಟವೆಂದು ನಾನು ಹೇಳುತ್ತಿಲ್ಲ. ಅದನ್ನು ಪ್ರೀತಿಯಿಂದಲೇ ಕಲಿಸಿದ್ದೇನೆ. ಆದರೆ ಆಟವನ್ನು ಆರಿಸಿದ್ದು ಹುಡುಗಿಯರೋ, ಉಳಿದ ಜಾಗವೋ ಎಂಬ ಪ್ರಶ್ನೆಯನ್ನು ನಾನು ಕೇಳಿಕೊಳ್ಳಲೇ ಇಲ್ಲ.

ಆ ಮೈದಾನದ ವಿಷಯಕ್ಕೆ ಬರುತ್ತೇನೆ. ನನ್ನ ಮಗ ನಾರ್ತ್ ಕ್ಯಾರೊಲಿನಾದ ಕ್ಯಾರಿ ಎಂಬ ಊರಿನಲ್ಲಿದ್ದಾನೆ. ಆ ಭಾಗದಲ್ಲಿ ತಂತ್ರಜ್ಞಾನದ ಕಂಪನಿಗಳು, ಔಷಧ ಕಂಪನಿಗಳು ಬಹಳ. ಹಾಗಾಗಿ ತರಕಾರಿ ಅಂಗಡಿಯಲ್ಲಿ ನಿಂತರೆ ಕನ್ನಡ ಕಿವಿಗೆ ಬೀಳುತ್ತದೆ. ಅಲ್ಲಿಂದ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಚಾಪೆಲ್ ಹಿಲ್. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ಇರುವ ಊರು. ಮೈಕೆಲ್ ಜೋರ್ಡನ್ ಬ್ಯಾಸ್ಕೆಟ್‌ಬಾಲ್ ಆಡಿದ ವಿಶ್ವವಿದ್ಯಾಲಯ ಎಂದರೆ ನಿಮ್ಮಲ್ಲಿ ಕೆಲವರಿಗೆ ಗೊತ್ತಾಗಬಹುದು. ಆದರೆ ಜೋರ್ಡನ್‌ಗೆ ಆಟ ಕಲಿಸಿದ ಡೀನ್ ಸ್ಮಿತ್ ಅವರೇ, ಇದು ಹೆಣ್ಣುಮಕ್ಕಳ ಸಾಕರ್‌ನ ವಿಶ್ವವಿದ್ಯಾಲಯ, ನಾವು ಅವರ ಸರಿಸಮಕ್ಕೆ ಬರಲು ಹೆಣಗುತ್ತಿದ್ದೇವೆ ಎಂಬ ಅರ್ಥದ ಮಾತು ಹೇಳಿದ್ದರು. ಅದು ಬರಿಯ ಸೌಜನ್ಯದ ಮಾತಲ್ಲ. 1982ರಲ್ಲಿ ಹೆಣ್ಣುಮಕ್ಕಳ ರಾಷ್ಟ್ರೀಯ ಕಾಲೇಜು ಸಾಕರ್ ಚಾಂಪಿಯನ್‌ಷಿಪ್ ಈಗಿನ ರೂಪದಲ್ಲಿ ಶುರುವಾಯಿತು. ಮೊದಲ ಮೂರು ವರ್ಷ ಗೆದ್ದದ್ದು ಈ ತಂಡ. 1985ರಲ್ಲಿ ಫೈನಲ್‌ನಲ್ಲಿ ಸೋತಿತು. 1986ರಿಂದ 1994ರ ತನಕ ಒಂಬತ್ತು ವರ್ಷ ಎಡೆಬಿಡದೆ ಗೆದ್ದಿತು. 2012ರ ಹೊತ್ತಿಗೆ ಇಪ್ಪತ್ತೊಂದು ಸಲ, 2024ರಲ್ಲಿ ಮತ್ತೊಂದು ಸಲ.

ಈ ತಂಡ ಆಡುವ ಜಾಗದ ಹೆಸರು ಡೊರಾನ್ಸ್ ಮೈದಾನ. 2019ರಲ್ಲಿ ಆಟಕ್ಕೆ ತೆರೆದದ್ದು. ಸುಮಾರು 4,200 ಜನ ಕೂರಬಹುದು. ಅದೇ ಆವರಣದಲ್ಲಿ ಅಮೆರಿಕನ್ ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟ, ಆಡುವ ಕೀನನ್ ಕ್ರೀಡಾಂಗಣವಿದೆ. ಅಲ್ಲಿ ಐವತ್ತು ಸಾವಿರ ಜನ ಕೂರುತ್ತಾರೆ. ಅಂದರೆ ಇದು ಚಿಕ್ಕದು. ಹುಡುಗರ ಸಾಕರ್ ತಂಡ, ಬಲೆ ಕಟ್ಟಿದ ಕೋಲಿನಿಂದ ಚೆಂಡು ಆಡುವ ಲಕ್ರಾಸ್‌ನ ಹುಡುಗರ ಮತ್ತು ಹುಡುಗಿಯರ ತಂಡಗಳು ಇದನ್ನೇ ಹಂಚಿಕೊಂಡು ಆಡುತ್ತವೆ. ಹೆಣ್ಣುಮಕ್ಕಳಿಗೆಂದೇ ಕಟ್ಟಿದ ಅರಮನೆ ಇದೆಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಆದರೆ ಇದರ ಕೀರ್ತಿಯನ್ನು ಕಟ್ಟಿದವರು ಹೆಣ್ಣುಮಕ್ಕಳು.

ಈ ಜಾಗದಲ್ಲಿ ಮೊದಲು ಇದ್ದದ್ದು ಫೆಟ್ಜರ್ ಮೈದಾನ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ, ಕೆಲಸವಿಲ್ಲದವರಿಗೆ ಕೆಲಸ ಕೊಡಲೆಂದು ಅಲ್ಲಿನ ಸರ್ಕಾರ ಕೈಗೊಂಡ ಕಾಮಗಾರಿಗಳಲ್ಲಿ ಅದೂ ಒಂದು. ನಮ್ಮಲ್ಲಿ ಬರಗಾಲದ ಕಾಮಗಾರಿಯಲ್ಲಿ ಕೆರೆ ಏರಿ ಹಾಕಿಸಿದಂತೆ. ಮೈದಾನವನ್ನು ಸುತ್ತುವರಿದು ಓಟದ ಟ್ರ್ಯಾಕ್ ಇತ್ತು. ಮೈದಾನ ಬಲ್ಲವರಿಗೆ ಇದರ ಅರ್ಥ ತಕ್ಷಣ ಆಗುತ್ತದೆ: ನೋಡುವವರಿಗೂ ಆಟಕ್ಕೂ ನಡುವೆ ಟ್ರ್ಯಾಕಿನ ಅಗಲದಷ್ಟು ದೂರ. ಹೊಸದನ್ನು ಕಟ್ಟುವಾಗ ಟ್ರ್ಯಾಕನ್ನು ಬೇರೆ ಕಡೆಗೆ ಒಯ್ದು, ಮೆಟ್ಟಿಲುಗಳನ್ನು ಹುಲ್ಲಿನ ಅಂಚಿಗೆ ತಂದರು. ಸಣ್ಣ ಬದಲಾವಣೆ ಎನ್ನಿಸಬಹುದು. ಓಟಕ್ಕೆಂದು ಮಾಡಿದ ಜಾಗದ ನಡುವೆ ಉಳಿದ ಹುಲ್ಲಿನಲ್ಲಿ ಆಡುವುದು ಬೇರೆ, ಆಟಕ್ಕೆಂದೇ ಅಳೆದು ಕಟ್ಟಿದ ಜಾಗದಲ್ಲಿ ಆಡುವುದು ಬೇರೆ.

ಸೆಪ್ಟೆಂಬರಿನ ಒಂದು ಗುರುವಾರ ಸಂಜೆ ನಾನು, ಮಗ, ಒಂಬತ್ತು ವರ್ಷದ ಮೊಮ್ಮಗಳು ಹೋಗಿ ಕುಳಿತೆವು. ಮೂರನೆಯ ಸಾಲು. ಆಟ ಶುರುವಾಗುವುದಕ್ಕೆ ಮೊದಲು ಗೋಲ್‌ಕೀಪರ್ ಹುಡುಗಿ ತನ್ನ ಗೋಲಿನ ನಟ್ಟನಡುವೆ ನಿಂತು, ಎಡಗಾಲಿನ ಹಿಮ್ಮಡಿಯಿಂದ ಹುಲ್ಲಿನಲ್ಲಿ ಒಂದು ಗೀರು ಎಳೆದಳು. ಎರಡು ಹೆಜ್ಜೆ ಮುಂದೆ ಬಂದು ಇನ್ನೊಂದು ಗೀರು. ಬೆನ್ನ ಹಿಂದಿನ ಕಂಬಗಳನ್ನು ತಿರುಗಿ ನೋಡದೆ ತಾನು ಎಲ್ಲಿ ನಿಂತಿದ್ದೇನೆಂದು ತಿಳಿಯಲು ಕೀಪರ್‌ಗಳು ಮಾಡಿಕೊಳ್ಳುವ ಗುರುತು ಅದು. ಅವಳು ಅದನ್ನು ಮಾಡಿದ ರೀತಿ ನನ್ನ ಕಣ್ಣಿಗೆ ಕಟ್ಟಿದಂತಿದೆ. ಹೊಸ ಮನೆಗೆ ಬಂದ ಹೆಂಗಸು ಒಲೆ ಎಲ್ಲಿರಬೇಕು, ನೀರಿನ ಕೊಡ ಎಲ್ಲಿರಬೇಕು ಎಂದು ತೀರ್ಮಾನಿಸುವ ಹಾಗೆ, ಅಷ್ಟು ಸಮಾಧಾನದಿಂದ, ಅಷ್ಟು ಅಧಿಕಾರದಿಂದ.

ಇಪ್ಪತ್ತು ನಿಮಿಷ ಆಟ ನಡೆದಿರಬಹುದು. ಪೈನ್ ಮರಗಳ ಹಿಂದೆ ಮಿಂಚಿತು. ಆಟ ನಿಲ್ಲಿಸಿದರು. ಅಲ್ಲಿ ನಿಯಮವೇ ಹಾಗೆ: ಕೊನೆಯ ಮಿಂಚಾದ ಮೇಲೆ ಅರ್ಧ ಗಂಟೆ ಕಾಯಬೇಕು, ನಡುವೆ ಮತ್ತೆ ಮಿಂಚಿದರೆ ಎಣಿಕೆ ಮೊದಲಿನಿಂದ. ಜೋರು ಮಳೆ ಬಂತು. ನಾವು ಸೂರಿನ ಕೆಳಗೆ ನಿಂತು ಕಾದೆವು. ಮಳೆ ನಿಂತಾಗ ನಾನು ಬೇಲಿಯ ಹತ್ತಿರ ಹೋಗಿ ಬಗ್ಗಿ ನೋಡಿದೆ. ಗೋಲಿನ ಮುಂದೆ ಒಂದು ಬೊಗಸೆ ನೀರು ನಿಂತಿರಲಿಲ್ಲ. ಹುಲ್ಲು ಒದ್ದೆಯಾಗಿತ್ತು, ನೆಲ ಗಟ್ಟಿಯಾಗಿತ್ತು. ಅದು ನಿಜವಾದ ಹುಲ್ಲು, ಹಾಸಿದ ಪ್ಲಾಸ್ಟಿಕ್ಕಲ್ಲ. ಇಂಥ ನೆಲ ಸಿದ್ಧವಾಗಬೇಕಾದರೆ ಹುಲ್ಲಿನ ಅಡಿಯಲ್ಲಿ ನೀರು ಬಸಿದು ಹೋಗುವಂತೆ ಮಣ್ಣು ಹದಗೊಳಿಸಬೇಕು, ನಡುವೆ ಕೊಂಚ ಎತ್ತರ, ಅಂಚಿಗೆ ಇಳಿಜಾರು ಕೊಡಬೇಕು, ಕೊಳವೆ ಹೂಳಬೇಕು, ವರ್ಷವಿಡೀ ಒಬ್ಬರಾದರೂ ಅದನ್ನೇ ನೋಡಿಕೊಳ್ಳಬೇಕು. ಮಧ್ಯಂತರದಲ್ಲಿ ಒಬ್ಬ ಹಿರಿಯ ಕೆಲಸಗಾರ ಒಳಗೆ ಬಂದು, ಬೂಟಿನ ಮೊಳೆಗೆ ಕಿತ್ತುಬಂದ ಹುಲ್ಲಿನ ಹೆಂಟೆಗಳನ್ನು ಒಂದೊಂದಾಗಿ ಕಾಲಿನಿಂದ ಒತ್ತಿ ಕೂರಿಸುತ್ತಾ ಮೈದಾನದ ಈ ತುದಿಯಿಂದ ಆ ತುದಿಗೆ ನಡೆದ. ಹುಡುಗಿಯರ ಆಟಕ್ಕಾಗಿ ಒಬ್ಬ ಮನುಷ್ಯ ನೆಲವನ್ನು ಹೀಗೆ ಸವರಿ ಸರಿಮಾಡುವುದನ್ನು ನನ್ನ ವೃತ್ತಿಜೀವನದಲ್ಲಿ ನಾನು ಒಂದು ದಿನವೂ ಕಂಡಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಮೊಮ್ಮಗಳು, "ಅಜ್ಜಿ, ಯಾಕೆ ಅಳುತ್ತಿದ್ದೀಯ?" ಎಂದಳು. ಏನು ಹೇಳಲಿ?

ಈ ಮೈದಾನದ ಬೇರು ಒಂದು ಕಾನೂನಿನಲ್ಲಿದೆ. ನಾನು ನಿಮಗೆ ಹೇಳಬೇಕೆಂದುಕೊಂಡು ಬಂದ ಮುಖ್ಯ ವಿಷಯ ಇದೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1972ರ ಜೂನ್ 23ರಂದು ಅಮೆರಿಕದಲ್ಲಿ ಶಿಕ್ಷಣಕ್ಕೆ ಸಂಬಂಧಿಸಿದ ತಿದ್ದುಪಡಿ ಕಾಯ್ದೆಯೊಂದು ಜಾರಿಯಾಯಿತು. ಅದರ ಒಂಬತ್ತನೆಯ ಭಾಗವೇ 'ಟೈಟಲ್ ನೈನ್'. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಕಾರ್ಯಕ್ರಮದಲ್ಲಿಯೂ ಲಿಂಗದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ, ಯಾರಿಗೂ ಸೌಲಭ್ಯ ನಿರಾಕರಿಸುವಂತಿಲ್ಲ ಎಂಬುದು ಅದರ ತಿರುಳು. ಇಂಗ್ಲಿಷಿನಲ್ಲಿ ಆ ವಾಕ್ಯದ ಮುಖ್ಯ ಭಾಗ ಬರಿಯ 37 ಪದ. ಅದರಲ್ಲಿ ಆಟ ಎಂಬ ಪದವೇ ಇಲ್ಲ. ಅದಕ್ಕಾಗಿ ದುಡಿದವರಲ್ಲಿ ಹವಾಯಿಯ ಪ್ಯಾಟ್ಸಿ ಮಿಂಕ್ ಒಬ್ಬರು. ವೈದ್ಯೆಯಾಗಬೇಕೆಂದು ಅರ್ಜಿ ಹಾಕಿದಾಗ ವೈದ್ಯಕೀಯ ಕಾಲೇಜುಗಳು ಬಾಗಿಲು ಮುಚ್ಚಿದ್ದವು; ಆಕೆ ಕಾನೂನು ಓದಿ ಸಂಸತ್ತಿಗೆ ಹೋದರು. ಕೆಳಮನೆಯಲ್ಲಿ ಓರೆಗಾನ್‌ನ ಈಡಿತ್ ಗ್ರೀನ್, ಮೇಲ್ಮನೆಯಾದ ಸೆನೆಟ್‌ನಲ್ಲಿ ಬರ್ಚ್ ಬೈ ಆಕೆಯ ಜೊತೆಗಿದ್ದರು. 2002ರಲ್ಲಿ ಮಿಂಕ್ ತೀರಿಕೊಂಡ ಮೇಲೆ ಆ ಕಾನೂನಿಗೆ ಅವರ ಹೆಸರನ್ನೇ ಇಟ್ಟರು.

ಕಾನೂನು ಬಂದ ಕೂಡಲೇ ಮೈದಾನ ಬರಲಿಲ್ಲ. ಅದನ್ನು ನೆಲಕ್ಕಿಳಿಸಿದ್ದು 1975ರ ನಿಯಮಗಳು. ಹುಡುಗರಿಗೂ ಹುಡುಗಿಯರಿಗೂ ಆಟದಲ್ಲಿ ಸಮಾನ ಅವಕಾಶ ಇದೆಯೇ ಎಂದು ಹೇಗೆ ಅಳೆಯುವುದು? ಆ ನಿಯಮಗಳು ನೋಡಬೇಕಾದ ಅಂಶಗಳನ್ನು ಹೆಸರಿಸಿ ಹೇಳುತ್ತವೆ: ಆಟದ ಸಾಮಾನು, ಪಂದ್ಯಗಳ ವೇಳೆ, ಅಭ್ಯಾಸದ ವೇಳೆ, ಪ್ರಯಾಣ ಮತ್ತು ದಿನಭತ್ಯೆ, ತರಬೇತುದಾರರ ಸಂಬಳ, ಬಟ್ಟೆ ಬದಲಿಸುವ ಕೋಣೆ, ಅಭ್ಯಾಸದ ಮೈದಾನ, ಪಂದ್ಯದ ಮೈದಾನ, ವೈದ್ಯಕೀಯ ನೆರವು, ಊಟ ವಸತಿ, ಪ್ರಚಾರ. ಅಭ್ಯಾಸದ ವೇಳೆ ಎಂಬ ಮಾತನ್ನು ಗಮನಿಸಿ. ಸಂಜೆ ನಾಲ್ಕರಿಂದ ಆರರವರೆಗೆ ಮೈದಾನ ಯಾರದು ಎಂಬ ಪ್ರಶ್ನೆ ಕಾನೂನಿನ ಪ್ರಶ್ನೆ ಎಂದು ಒಂದು ದೇಶ ಬರೆದಿಟ್ಟಿತು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಏಕೆಂದರೆ ನನಗೆ ನನ್ನ ಹಳೆಯ ರಿಜಿಸ್ಟರ್ ನೆನಪಾಯಿತು. ತೊಂಬತ್ತರ ದಶಕ. ನಾನು ಕೆಲಸ ಮಾಡುತ್ತಿದ್ದ ಕಾಲೇಜೊಂದರಲ್ಲಿ ಹಾಸ್ಟೆಲಿನ ಏಳು ಹುಡುಗಿಯರು ಬಂದು, "ಮೇಡಂ, ನಮಗೆ ಫುಟ್‌ಬಾಲ್ ಕೊಡಿಸಿ" ಎಂದರು. ಮೈದಾನದ ರಿಜಿಸ್ಟರ್ ತೆಗೆದು ನೋಡಿದೆ. ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ಹುಡುಗರ ಕ್ರಿಕೆಟ್. ಬೆಳಿಗ್ಗೆ ಹುಡುಗರ ಓಟ, ವಾಲಿಬಾಲ್. ಹುಡುಗಿಯರಿಗೆ ಇದ್ದದ್ದು ಬೆಳಿಗ್ಗೆ ಎಂಟರಿಂದ ಎಂಟೂವರೆ, ಅದೂ ಕಾಂಪೌಂಡಿನ ಮೂಲೆಯ ಥ್ರೋಬಾಲ್ ಅಂಕಣ. ಆ ಪಟ್ಟಿ ಬರೆದ ಕೈ ನನ್ನದೇ. ಯಾರೂ ಹಾಗೆ ಬರೆಯಿರಿ ಎಂದು ಅಪ್ಪಣೆ ಮಾಡಿರಲಿಲ್ಲ. ಹಿಂದಿನ ವರ್ಷದ ಪಟ್ಟಿ ನೋಡಿ ನಕಲು ಮಾಡಿದ್ದೆ. ನಾನು ಅವರಿಗೆ ಥ್ರೋಬಾಲ್ ಕೊಟ್ಟು ಕಳುಹಿಸಿದೆ. ಅವರಲ್ಲಿ ಒಬ್ಬಳು ಚೆಂಡನ್ನು ಕಂಕುಳಲ್ಲಿಟ್ಟುಕೊಂಡು, ಹುಡುಗರು ಬರುವ ಮೊದಲು ಖಾಲಿ ಮೈದಾನದ ಉದ್ದಕ್ಕೆ ಹೆಜ್ಜೆ ಎಣಿಸುತ್ತಾ ನಡೆದಳು. ಆ ತುದಿ ಮುಟ್ಟಿ, ತಿರುಗಿ ನೋಡಿ, ವಾಪಸು ಬಂದಳು. ಅವಳು ಏನು ಅಳೆಯುತ್ತಿದ್ದಳೆಂದು ಆಗ ನಾನು ಕೇಳಲಿಲ್ಲ. ಆ ತಪ್ಪು ನನ್ನದು. ಅದನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕೆಂದೇ ಈ ಉಪನ್ಯಾಸಕ್ಕೆ ಹೂಂ ಎಂದೆ.

ಚಾಪೆಲ್ ಹಿಲ್‌ನಲ್ಲಿಯೂ ಶುರುವಾದದ್ದು ಹೀಗೆಯೇ, ಕೇಳಿದ ಹುಡುಗಿಯರಿಂದ. ಎಪ್ಪತ್ತರ ದಶಕದ ಕೊನೆಗೆ ಅಲ್ಲಿನ ವಿದ್ಯಾರ್ಥಿನಿಯರು ತಾವೇ ಒಂದು ಕ್ಲಬ್ ಕಟ್ಟಿಕೊಂಡು ಸಾಕರ್ ಆಡುತ್ತಿದ್ದರು. ನಮ್ಮನ್ನು ವಿಶ್ವವಿದ್ಯಾಲಯದ ಅಧಿಕೃತ ತಂಡ ಮಾಡಿ ಎಂದು ಕ್ರೀಡಾ ನಿರ್ದೇಶಕರನ್ನು ಕೇಳಿದರು. ಆಗ ಹುಡುಗರ ತಂಡಕ್ಕೆ ತರಬೇತಿ ಕೊಡುತ್ತಿದ್ದ ಯುವಕ ಆನ್ಸನ್ ಡೊರಾನ್ಸ್ ಅವರಿಗೆ, ಈ ಹುಡುಗಿಯರ ಆಟ ನೋಡಿ ಬಾ ಎಂದು ನಿರ್ದೇಶಕರು ಹೇಳಿದರು. ನೋಡಿ ಬಂದವರು ಎರಡೂ ತಂಡಗಳ ಹೊಣೆ ಹೊತ್ತರು. 1979ರಲ್ಲಿ ಹೆಣ್ಣುಮಕ್ಕಳ ತಂಡ ಅಧಿಕೃತವಾಯಿತು. ಈ ಡೊರಾನ್ಸ್ ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ, 1951ರಲ್ಲಿ. ತಂದೆಗೆ ತೈಲ ಕಂಪನಿಯಲ್ಲಿ ಕೆಲಸ. ಕೀನ್ಯಾ, ಇಥಿಯೋಪಿಯಾ, ಸಿಂಗಪುರ ಎಂದು ಊರೂರು ಸುತ್ತಿ ಬೆಳೆದವರು.

ಅವರು ತಂದ ಪದ್ಧತಿಯೊಂದನ್ನು ಇಲ್ಲಿರುವ ದೈಹಿಕ ಶಿಕ್ಷಕರು ಕೇಳಬೇಕು. ಅಭ್ಯಾಸದಲ್ಲಿ ಪ್ರತಿ ಹುಡುಗಿಯ ಪ್ರತಿ ಪೈಪೋಟಿಯನ್ನೂ ಬರೆದಿಡುವುದು: ಯಾರ ಓಟ ಎಷ್ಟು, ಒಬ್ಬರಿಗೊಬ್ಬರು ಎದುರಾದಾಗ ಯಾರು ಗೆದ್ದರು, ತಲೆಯಿಂದ ಹೊಡೆದ ಚೆಂಡು ಯಾರದು. ಆ ಅಂಕಿಗಳನ್ನು ಎಲ್ಲರಿಗೂ ಕಾಣುವಂತೆ ಹಾಕುವುದು. ಡೀನ್ ಸ್ಮಿತ್ ಅವರ ಬ್ಯಾಸ್ಕೆಟ್‌ಬಾಲ್ ಅಭ್ಯಾಸ ನೋಡಿ ಇದನ್ನು ರೂಪಿಸಿಕೊಂಡರು. ಹೆಣ್ಣುಮಕ್ಕಳು ಗೆಳತಿಯರ ಎದುರು ಪೂರ್ತಿ ಬಲ ಹಾಕಿ ಆಡಲು ಹಿಂಜರಿಯುತ್ತಾರೆಂಬ ಮಾತು ಆಗ ಬಹಳ ಇತ್ತು. ಹಿಂಜರಿಕೆ ಹುಟ್ಟುಗುಣವಲ್ಲ, ಪೂರ್ತಿ ಬಲದ ಆಟವನ್ನು ಯಾರೂ ಅವರಿಂದ ಬಯಸಿರಲಿಲ್ಲ, ಅಷ್ಟೇ. ಈ ಅಂಗಳದಿಂದ ಮಿಯಾ ಹ್ಯಾಮ್, ಕ್ರಿಸ್ಟೀನ್ ಲಿಲ್ಲಿ, ಏಪ್ರಿಲ್ ಹೈನ್ರಿಕ್ಸ್ ಬಂದರು. 1991ರಲ್ಲಿ ಚೀನಾದಲ್ಲಿ ಮೊದಲ ಮಹಿಳಾ ವಿಶ್ವಕಪ್ ನಡೆದಾಗ ಅಮೆರಿಕ ತಂಡದ ತರಬೇತುದಾರರು ಡೊರಾನ್ಸ್. ತಂಡದ ಅರ್ಧದಷ್ಟು ಆಟಗಾರ್ತಿಯರು ಈ ಒಂದು ವಿಶ್ವವಿದ್ಯಾಲಯದವರು. ಫೈನಲ್‌ನಲ್ಲಿ ನಾರ್ವೆಯನ್ನು 2-1ರಿಂದ ಸೋಲಿಸಿದರು. ಮಿಯಾ ಹ್ಯಾಮ್ ತೊಡುತ್ತಿದ್ದ 19ನೆಯ ಸಂಖ್ಯೆಯನ್ನು ಅವರ ಗೌರವಾರ್ಥ ವಿಶ್ವವಿದ್ಯಾಲಯ ನಿವೃತ್ತಿಗೊಳಿಸಿದೆ.

ಮೈದಾನದ ಹೆಸರಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 1998ರಲ್ಲಿ ಇಬ್ಬರು ಮಾಜಿ ಆಟಗಾರ್ತಿಯರು ಡೊರಾನ್ಸ್ ಮತ್ತು ವಿಶ್ವವಿದ್ಯಾಲಯದ ಮೇಲೆ ಲೈಂಗಿಕ ಕಿರುಕುಳದ ಮೊಕದ್ದಮೆ ಹೂಡಿದರು. ಡೊರಾನ್ಸ್ ಆರೋಪ ಅಲ್ಲಗಳೆದರು. ಆದರೆ ಆಟಗಾರ್ತಿಯರ ಖಾಸಗಿ ಬದುಕಿನ ಬಗೆಗಿನ ಹರಟೆಯಲ್ಲಿ ತಾನು ಪಾಲ್ಗೊಂಡದ್ದು ಸರಿಯಲ್ಲವೆಂದು ಒಪ್ಪಿ ಕ್ಷಮೆ ಕೇಳಿದರು. ಒಂದು ಮೊಕದ್ದಮೆ 2004ರಲ್ಲಿ, ಇನ್ನೊಂದು 2008ರಲ್ಲಿ ರಾಜಿಯಲ್ಲಿ ಮುಗಿಯಿತು. ಎರಡನೆಯದು ನಡೆದದ್ದು ಅದೇ ಟೈಟಲ್ ನೈನ್ ಅಡಿಯಲ್ಲಿ. ಹುಡುಗಿಯರಿಗೆ ಮೈದಾನ ಕೊಡಿಸಿದ ಕಾನೂನೇ, ಆ ಮೈದಾನದಲ್ಲಿ ಅವರ ಮರ್ಯಾದೆ ಕಾಯಿರಿ ಎಂದು ಕೇಳಲೂ ಬಳಕೆಯಾಯಿತು. ನಾನು ಆ ತಂಡದ ಗೆಲುವನ್ನೂ ಮೆಚ್ಚುತ್ತೇನೆ, ದೂರು ಕೊಟ್ಟ ಆ ಹುಡುಗಿಯರ ಧೈರ್ಯವನ್ನೂ ಮೆಚ್ಚುತ್ತೇನೆ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಸಾಕರ್ ಕ್ರೀಡಾಂಗಣಕ್ಕೆ ಬಾರ್ಬರಾ ಹಿಬ್ನರ್ ಅವರ ಹೆಸರಿದೆ. ಆಕೆ ಅಲ್ಲಿನ ಮಹಿಳಾ ಕ್ರೀಡೆಗಳ ಆಡಳಿತ ನಡೆಸಿದವರು. ಪಟ್ಟಿ ಬರೆಯುವ, ಹಣ ಹಂಚುವ ಕುರ್ಚಿಯಲ್ಲಿ ಕುಳಿತ ಹೆಂಗಸಿನ ಹೆಸರು ಒಂದು ಕ್ರೀಡಾಂಗಣದ ಹಣೆಯ ಮೇಲಿರುವುದು ನನಗೆ ಬಹಳ ಹಿಡಿಸಿತು.

ಈ ಕಾನೂನಿನಿಂದ ಸಾಕರ್‌ಗೇ ಏಕೆ ಇಷ್ಟು ಲಾಭವಾಯಿತು? ಅಮೆರಿಕನ್ ಫುಟ್‌ಬಾಲ್ ತಂಡವೆಂದರೆ ದೊಡ್ಡ ದಂಡು. ದೊಡ್ಡ ವಿಶ್ವವಿದ್ಯಾಲಯವೊಂದು ಬಹುಕಾಲ 85 ವಿದ್ಯಾರ್ಥಿವೇತನಗಳವರೆಗೆ ಆ ಒಂದೇ ಆಟದ ಹುಡುಗರಿಗೆ ಕೊಡಬಹುದಾಗಿತ್ತು. ಅದಕ್ಕೆ ಸರಿತೂಗುವಂತೆ ಹುಡುಗಿಯರಿಗೂ ಹೆಚ್ಚು ಜನ ಆಡುವ ಆಟ ಬೇಕಿತ್ತು. ಸಾಕರ್ ತಂಡದಲ್ಲಿ ಇಪ್ಪತ್ತೈದು ಮೂವತ್ತು ಜನ ಇರಬಹುದು, ಖರ್ಚು ಕಡಿಮೆ, ಬೇಕಾದದ್ದು ಚೆಂಡು ಮತ್ತು ನೆಲ. 1980ರ ದಶಕದ ಆರಂಭದಲ್ಲಿ ನೂರಕ್ಕೂ ಕಡಿಮೆ ಇದ್ದ ಹೆಣ್ಣುಮಕ್ಕಳ ಕಾಲೇಜು ಸಾಕರ್ ತಂಡಗಳು ಈಗ ಎಲ್ಲ ಶ್ರೇಣಿಗಳೂ ಸೇರಿ ಸಾವಿರಕ್ಕೂ ಹೆಚ್ಚು. ಪ್ರಥಮ ಶ್ರೇಣಿಯಲ್ಲಿ ಹುಡುಗರ ತಂಡಗಳು ಇನ್ನೂರರಷ್ಟಿದ್ದರೆ ಹುಡುಗಿಯರವು ಮುನ್ನೂರಕ್ಕೂ ಮೇಲೆ. ಫ್ಲಾರಿಡಾ ವಿಶ್ವವಿದ್ಯಾಲಯ 1995ರಲ್ಲಿ ತಂಡ ಕಟ್ಟಿತು. 1998ರಲ್ಲಿ ಚಾಪೆಲ್ ಹಿಲ್ ತಂಡವನ್ನೇ ಫೈನಲ್‌ನಲ್ಲಿ ಸೋಲಿಸಿತು. ಪೋರ್ಟ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡವೇ ಇಲ್ಲ. ಅಲ್ಲಿ ಊರಿನ ಜನ ಮರ್ಲೋ ಮೈದಾನಕ್ಕೆ ಬಂದು ಹುಡುಗಿಯರ ಆಟಕ್ಕೆ ಮೆಟ್ಟಿಲು ತುಂಬಿಸಿದರು; ಕೆನಡಾದ ಕ್ರಿಸ್ಟೀನ್ ಸಿಂಕ್ಲೇರ್ ಆಡುತ್ತಿದ್ದ ಕಾಲದಲ್ಲಿ, 2002 ಮತ್ತು 2005ರಲ್ಲಿ, ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಹುಡುಗಿಯರ ಆಟ ನೋಡಲು ಯಾರು ಬರುತ್ತಾರೆ ಎಂದು ಕೇಳುವವರಿಗೆ ಪೋರ್ಟ್‌ಲೆಂಡ್ ಉತ್ತರ ಕೊಟ್ಟಾಗಿದೆ.

ಅಲ್ಲಿಯೂ ಎಲ್ಲ ಮುಗಿದು ನೆಮ್ಮದಿಯಾಗಿಲ್ಲ. 1984ರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪಿನಿಂದ ಟೈಟಲ್ ನೈನ್‌ನ ಹಿಡಿತ ಆಟಗಳ ಮೇಲೆ ಸಡಿಲವಾಯಿತು. ಅದನ್ನು ಸರಿಪಡಿಸಲು 1988ರಲ್ಲಿ ಸಂಸತ್ತು ಅಧ್ಯಕ್ಷರ ವಿಟೋವನ್ನು ಮೀರಿ ಇನ್ನೊಂದು ಕಾನೂನು ಮಾಡಬೇಕಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಂದು ರಾಜಿಯಂತೆ ವಿಶ್ವವಿದ್ಯಾಲಯಗಳು ತಮ್ಮ ಕ್ರೀಡಾ ಆದಾಯವನ್ನು ಆಟಗಾರರಿಗೆ ನೇರವಾಗಿ ಹಂಚಬಹುದು. ಅದರ ಬಹುಪಾಲು ಅಮೆರಿಕನ್ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಹುಡುಗರಿಗೆ ಹೋಗುವ ಲೆಕ್ಕಾಚಾರ. ಇದು ಟೈಟಲ್ ನೈನ್‌ಗೆ ವಿರುದ್ಧವೆಂದು ಕೆಲವು ಆಟಗಾರ್ತಿಯರು ತಕ್ಷಣವೇ ಮೇಲ್ಮನವಿ ಸಲ್ಲಿಸಿದರು. ಐವತ್ತು ವರ್ಷದ ನಂತರವೂ ಪಟ್ಟಿ ಬರೆಯುವವರ ಕೈಯನ್ನು ನೋಡುತ್ತಲೇ ಇರಬೇಕಾಗಿದೆ.

ನಮ್ಮಲ್ಲಿ ಇಂಥ ಕಾನೂನಿಲ್ಲ. ಆದರೂ ಹುಡುಗಿಯರು ಕಾದು ಕೂತಿಲ್ಲ. 2023ರಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ಭಾರತೀಯ ಮಹಿಳಾ ಲೀಗ್‌ನ ಫೈನಲ್ ತಲುಪಿತು. 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ನಮ್ಮ ರಾಷ್ಟ್ರೀಯ ತಂಡ ಆತಿಥೇಯರನ್ನು 2-1ರಿಂದ ಸೋಲಿಸಿ, ಅರ್ಹತಾ ಪಂದ್ಯಗಳನ್ನು ದಾಟಿ ಏಷ್ಯನ್ ಕಪ್‌ಗೆ ಹೋಯಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಆ ಪಂದ್ಯವನ್ನು ನಾನು ಮೊಬೈಲಿನಲ್ಲಿ ನೋಡಿದೆ. ಕೊನೆಯ ಸೀಟಿ ಊದಿದಾಗ ನನಗೆ ನೆನಪಾದವಳು ಚೆಂಡು ಕಂಕುಳಲ್ಲಿಟ್ಟುಕೊಂಡು ಹೆಜ್ಜೆ ಎಣಿಸಿದ ಆ ಹುಡುಗಿ.

ಇಂದು ಬೆಳಿಗ್ಗೆ ಧ್ವಜಾರೋಹಣಕ್ಕೆ ಮೊದಲು ನಿಮ್ಮ ಮೈದಾನದಲ್ಲಿ ಒಂದು ಸುತ್ತು ಹಾಕಿದೆ. ಇದು ಮಹಿಳಾ ಕಾಲೇಜು. ಇಲ್ಲಿ ಜಾಗಕ್ಕಾಗಿ ನಿಮ್ಮೊಡನೆ ಪೈಪೋಟಿಗೆ ನಿಲ್ಲುವ ಹುಡುಗರಿಲ್ಲ. ಆದರೂ ಥ್ರೋಬಾಲ್ ಅಂಕಣ ಕಾಂಪೌಂಡಿನ ಮೂಲೆಯಲ್ಲೇ ಇದೆ. ನಡುವಿನ ನೆಲ ಖಾಲಿಯಿದೆ, ಹುಲ್ಲು ಮೊಣಕಾಲೆತ್ತರ ಬೆಳೆದಿದೆ, ಒಂದು ಅಂಚಿನಲ್ಲಿ ವಾಹನಗಳು ನಿಂತಿವೆ. ನಿಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ಕ್ರೀಡಾ ಕೊಠಡಿಯಿಂದ ಟೇಪು ತರಿಸಿದರು. ಮೂವರು ವಿದ್ಯಾರ್ಥಿನಿಯರು ಹಿಡಿದು ಅಳೆದರು. ಉದ್ದ 96 ಮೀಟರ್, ಅಗಲ 61 ಮೀಟರ್. ಅಂತರರಾಷ್ಟ್ರೀಯ ಪಂದ್ಯಕ್ಕೆ ಸಾಲದು. ಕಾಲೇಜಿನ ಫುಟ್‌ಬಾಲ್‌ಗೆ ಧಾರಾಳವಾಗಿ ಸಾಕು. ವಾಹನಗಳನ್ನು ಗೇಟಿನ ಪಕ್ಕಕ್ಕೆ ನಿಲ್ಲಿಸಬಹುದೇ ಎಂದು ಪ್ರಾಂಶುಪಾಲರನ್ನು ಕೇಳಿದ್ದೇನೆ. ಸೋಮವಾರ ಹುಲ್ಲು ಕತ್ತರಿಸಲು ಆಳು ಬರುತ್ತಾರಂತೆ.